ಗುಹೆಮೀನಿನ ಕಣ್ಣು ಬಳಸದೆ ಸವೆದದ್ದೇ?

ಪ್ರಶ್ನೆ: ಕತ್ತಲಲ್ಲಿ ಕಣ್ಣಿಗೆ ಕೆಲಸವಿಲ್ಲ, ಅದಕ್ಕೇ ಗುಹೆಮೀನಿನ ಕಣ್ಣು ಹೋಯಿತು, ಅಲ್ಲವೇ?

ಅಲ್ಲ. ಎಷ್ಟು ಸಲ ಉತ್ತರಿಸಿದರೂ ಇದೇ ಪ್ರಶ್ನೆ ಮರಳಿ ಬರುತ್ತದೆ, ಆದ್ದರಿಂದ ಈ ಸಲ ಬುಡದಿಂದಲೇ ನೋಡೋಣ.

ಮೆಕ್ಸಿಕೊದ ಅಸ್ಟಿಯಾನಾಕ್ಸ್ ಮೀನಿನಲ್ಲಿ ಎರಡು ಬಗೆ. ಹೊಳೆಯದಕ್ಕೆ ದೊಡ್ಡ ಕಣ್ಣು, ಗುಹೆಯದಕ್ಕೆ ಕಣ್ಣಿಲ್ಲ. ಜಾತಿ ಒಂದೇ, ಕೂಡಿ ಮರಿ ಮಾಡುತ್ತವೆ. ಬಳಸದ ಅಂಗ ಸವೆಯುವುದು ನಿಜವಾಗಿದ್ದರೆ ಗುಹೆಮೀನಿನ ಮರಿಯನ್ನು ಬೆಳಕಿನಲ್ಲಿ ಸಾಕಿದಾಗ ಕಣ್ಣು ಉಳಿಯಬೇಕಿತ್ತು. ಉಳಿಯುವುದಿಲ್ಲ. ಹೊಳೆಮೀನನ್ನು ಕತ್ತಲಲ್ಲಿ ಸಾಕಿದಾಗ ಹೋಗಬೇಕಿತ್ತು. ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಗುಹೆಮೀನಿನ ಭ್ರೂಣದಲ್ಲಿ ಕಣ್ಣು ಮೂಡಿಯೇ ಮೂಡುತ್ತದೆ: ಬಟ್ಟಲಿನಂಥ ರೆಟಿನಾ, ಅದರ ಬಾಯಲ್ಲಿ ಮಸೂರ. ಮೊಟ್ಟೆ ಫಲಿತವಾಗಿ ಸುಮಾರು ಒಂದು ದಿನಕ್ಕೆ ಮಸೂರದ ಕೋಶಗಳು ಸಾಯತೊಡಗುತ್ತವೆ. ನೋಡುವ ವಯಸ್ಸೇ ಬಂದಿಲ್ಲ, ಬಳಸದೆ ಬಿಟ್ಟ ಮಾತೆಲ್ಲಿಂದ ಬಂತು? ಕತ್ತಲೆ ಮಾಡಿದ್ದು ಇಷ್ಟೇ: ಕಣ್ಣು ಕೆಡಿಸುವ ಜೀನ್ ಬದಲಾವಣೆ ಹೊಳೆಯಲ್ಲಾದರೆ ಅಳಿಯುತ್ತಿತ್ತು, ಗುಹೆಯಲ್ಲಿ ಉಳಿದುಕೊಂಡಿತು.

ಹಾಗಾದರೆ ಕೆಡುವುದು ಹೇಗೆ? ಭ್ರೂಣದ ತಲೆಯ ನಡುಗೆರೆಯಲ್ಲಿ ಸೋನಿಕ್ ಹೆಜ್‌ಹಾಗ್ ಎಂಬ ಸಂಕೇತ ಪ್ರೋಟೀನು ಹೊಮ್ಮುತ್ತದೆ. ಅದು ತಾಗಿದ ಕಡೆ, ರೆಟಿನಾಕ್ಕೆ ಬೇಕಾದ ಪ್ಯಾಕ್ಸ್6 ಜೀನ್ ಅಡಗಿ, ಕಣ್ಣನ್ನು ಮಿದುಳಿಗೆ ಜೋಡಿಸುವ ತೊಟ್ಟನ್ನು ಕಟ್ಟುವ ವ್ಯಾಕ್ಸ್1, ಪ್ಯಾಕ್ಸ್2 ಜೀನ್‌ಗಳು ಎಚ್ಚರಗೊಳ್ಳುತ್ತವೆ. ಗುಹೆಮೀನಿನಲ್ಲಿ ಈ ಸಂಕೇತದ ಹರವು ಹೆಚ್ಚು. ಹಾಗಾಗಿ ತೊಟ್ಟು ದೊಡ್ಡದು, ಬಟ್ಟಲು ಚಿಕ್ಕದು. ಹೊಳೆಮೀನಿನ ಎಳೆಯ ಭ್ರೂಣಕ್ಕೆ ಇದೇ ಸಂಕೇತವನ್ನು ತಯಾರಿಸುವ ಸೂಚನೆ ಹೊತ್ತ ಆರ್‌ಎನ್‌ಎ ಚುಚ್ಚಿ ಮಟ್ಟ ಏರಿಸಿದಾಗ ಅದರ ಮಸೂರವೂ ಸತ್ತು ಕಣ್ಣು ಕುಗ್ಗಿತು. 2004ರಲ್ಲಿ ಯಮಾಮೊಟೊ, ಸ್ಟಾಕ್, ಜೆಫ್ರಿ ಎಂಬ ವಿಜ್ಞಾನಿಗಳು ತೋರಿಸಿದ್ದು ಇದನ್ನೇ.

ಮಸೂರ ಹೋದ ಮೇಲೆ ರೆಟಿನಾ ಹೊಸ ಕೋಶ ಹುಟ್ಟಿಸುತ್ತಲೇ ಇರುತ್ತದೆ, ಆದರೆ ಅವು ಬಾಳುವುದಿಲ್ಲ. 2000ದಲ್ಲಿ ಯಮಾಮೊಟೊ, ಜೆಫ್ರಿ ಹೊಳೆಮೀನಿನ ಭ್ರೂಣದ ಮಸೂರವನ್ನು ಗುಹೆಮೀನಿನ ಒಂದೇ ಕಣ್ಣಿಗೆ ಕೂರಿಸಿದರು. ಆ ಬದಿಯಲ್ಲಿ ಕಾರ್ನಿಯಾ, ಪಾಪೆ ಸಮೇತ ಕಣ್ಣು ಬೆಳೆಯಿತು, ಮುಟ್ಟದ ಬದಿ ಎಂದಿನಂತೆ ಮುಚ್ಚಿಹೋಯಿತು. ಒಂದೇ ಮೀನಿನಲ್ಲಿ ಪ್ರಯೋಗವೂ ಹೋಲಿಕೆಯೂ! ಇಷ್ಟು ಅಚ್ಚುಕಟ್ಟಾದ ಪುರಾವೆ ಜೀವಶಾಸ್ತ್ರದಲ್ಲಿ ಅಪರೂಪ.

ಸಂಕೇತ ಹೆಚ್ಚಾದರೆ ಹೀಗೆ, ಇಲ್ಲದೇ ಹೋದರೆ? ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಭ್ರೂಣದಲ್ಲಿ ಮುಂದೆ ಕಣ್ಣಾಗುವ ಜಾಗ ಮೊದಲು ಒಂದೇ ಪಟ್ಟಿ. ನಡುವಿನಿಂದ ಬರುವ ಈ ಸಂಕೇತವೇ ಅದನ್ನು ಎರಡಾಗಿ ಸೀಳುವುದು. ಜೀಬ್ರಾಮೀನಿನ ಸೈಕ್ಲಾಪ್ಸ್ ಎಂಬ, ಜೀನ್ ಕೆಟ್ಟ ತಳಿಯಲ್ಲಿ ಈ ಸಂಕೇತ ಹೊಮ್ಮುವ ನಡುಗೆರೆಯ ಅಂಗಾಂಶ ಸರಿಯಾಗಿ ಕಟ್ಟದೆ ಕಣ್ಣುಗಳು ನಡುವೆ ಕೂಡಿಕೊಳ್ಳುತ್ತವೆ. ಕುರಿಯಲ್ಲೂ ಅಷ್ಟೆ. ಗಬ್ಬದ 14ನೇ ದಿನದ ಆಸುಪಾಸು ತಾಯಿ ಕುರಿ ವೆರಾಟ್ರಮ್ ಗಿಡ ಮೇಯ್ದರೆ, ಅದರಲ್ಲಿನ ಸೈಕ್ಲೋಪಮಿನ್ ಈ ಸಂಕೇತವನ್ನು ತಡೆದು ಮರಿ ಒಂಟಿಗಣ್ಣಿನದಾಗಿ ಹುಟ್ಟಬಹುದು.