ರೆಪ್ಪೆ ತೆರೆದ ಮೇಲಿನ ಹತ್ತು ಸೆಕೆಂಡು

ಶಾಖವನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾದ ಮುಂದೆ ಕನ್ನಡಕ ಹಾಕಿಕೊಂಡು ಕೂತರೆ ತೆರೆಯ ಮೇಲೆ ಕಣ್ಣಿರಬೇಕಾದ ಕಡೆ ಎರಡು ಕಪ್ಪು ತೇಪೆ ಕಾಣುತ್ತವೆ. ನಮ್ಮ ಮೈ ಸೂಸುವ ಶಾಖದ ದೊಡ್ಡ ಪಾಲು 8ರಿಂದ 14 ಮೈಕ್ರೊಮೀಟರ್ ಅಲೆಯುದ್ದದ ಅವಗೆಂಪು ಕಿರಣವಾಗಿ ಹೊರಬೀಳುತ್ತದೆ. ಅದಕ್ಕೆ ಗಾಜು ಗೋಡೆಯಿದ್ದಂತೆ.

ಕನ್ನಡಕ ತೆಗೆದರೂ ಕ್ಯಾಮೆರಾ ಕಣ್ಣಿನೊಳಗೆ ಇಣುಕುವುದಿಲ್ಲ. ಈ ಕಿರಣಗಳ ಮಟ್ಟಿಗೆ ನೀರು ಕೂಡ ಗೋಡೆಯೇ. ಹಾಗಾಗಿ ರೆಟಿನಾ, ಲೆನ್ಸ್ ಯಾವುದೂ ಕಾಣದು. ಕಾಣುವುದು ಕಣ್ಣೀರಿನ ಪೊರೆ, ಅದರಡಿಯ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ತೆಳು ಮೇಲ್ಪದರ, ಅಷ್ಟೇ. ಮೂಗಿನ ಪಕ್ಕದ ಕಣ್ಣಿನ ಮೂಲೆ ಎಲ್ಲಕ್ಕಿಂತ ಬೆಚ್ಚಗೆ. ವಿಮಾನ ನಿಲ್ದಾಣಗಳಲ್ಲಿ ಜ್ವರ ಹುಡುಕಲು ನೋಡಬೇಕಾದ ಜಾಗವೂ ಅದೇ. ರಕ್ತನಾಳಗಳಿಲ್ಲದ ಕಾರ್ನಿಯಾದ ನಡುಭಾಗ ಮಾತ್ರ ಸುಮಾರು 34 ಡಿಗ್ರಿ ಸೆಲ್ಸಿಯಸ್, ಮೈಯೊಳಗಿನ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ.

ಈ ತಂಪಿಗೆ ಇನ್ನೊಂದು ಕಾರಣ ಮಣ್ಣಿನ ಹೂಜಿಯದ್ದೇ: ನೀರು ಆವಿಯಾಗುತ್ತಾ ಶಾಖವನ್ನು ಒಯ್ಯುತ್ತದೆ. ಆದರೆ ಕಣ್ಣೀರಿನ ಮೇಲೆ ಎಣ್ಣೆಯ ಪದರವೊಂದು ತೇಲುತ್ತಿರುತ್ತದೆ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಒಸರುವ ಎಣ್ಣೆ ಅದು. ಸಾರಿನ ಮೇಲೆ ತುಪ್ಪ ತೇಲುತ್ತಿದ್ದರೆ ಬಿಸಿ ಬೇಗ ಆರುವುದಿಲ್ಲವಲ್ಲ, ಹಾಗೆ. ಗ್ರಂಥಿ ಕಟ್ಟಿಕೊಂಡು ಎಣ್ಣೆ ಕಡಿಮೆಯಾದರೆ ಕಣ್ಣೀರು ಬೇಗ ಆರುತ್ತದೆ, ಕಣ್ಣು ಉರಿಯುತ್ತದೆ. ಒಣಕಣ್ಣು ಎನ್ನುತ್ತೇವಲ್ಲ, ಅದರಲ್ಲಿ ಹೆಚ್ಚಿನವು ಈ ಬಗೆಯವು.

ಥರ್ಮಲ್ ಕ್ಯಾಮೆರಾದಿಂದ ಇದನ್ನು ಪತ್ತೆಹಚ್ಚುವ ಪರೀಕ್ಷೆ ಸರಳ. ಫ್ಯಾನ್ ಆರಿಸಿದ ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸುತ್ತಾರೆ. ಗದ್ದ ಊರಿಸಿ, ಕಣ್ಣು ಮುಚ್ಚಿಸಿ, ತೆರೆಸಿ, ಹತ್ತು ಸೆಕೆಂಡು ಮಿಟುಕಿಸಬೇಡಿ ಎನ್ನುತ್ತಾರೆ. ತೆರೆಯಲ್ಲಿ ಕಾರ್ನಿಯಾದ ಬಣ್ಣ ನಡುವಿನಿಂದ ತಣ್ಣಗಾಗುತ್ತಾ ಬರುತ್ತದೆ. ಎಣ್ಣೆ ಸಾಲದ ಕಣ್ಣಿನಲ್ಲಿ ಈ ಇಳಿತ ಸಾಮಾನ್ಯವಾಗಿ ಇನ್ನೂ ಬಿರುಸು. ಮುಟ್ಟುವುದಿಲ್ಲ, ಹನಿ ಹಾಕುವುದಿಲ್ಲ. ಅದೇ ಇದರ ಹೆಚ್ಚುಗಾರಿಕೆ; ಮುಟ್ಟಿದರೆ ನೀರು ಸುರಿಸುವ ಅಂಗದ ನೀರನ್ನು ಮುಟ್ಟಿ ಅಳೆಯುವುದಾದರೂ ಹೇಗೆ? ಬ್ರಿಟನ್ನಿನ ಕಣ್ಣಿನ ವೈದ್ಯ ಮ್ಯಾಪ್‌ಸ್ಟೋನ್ 1968ರಲ್ಲೇ ಬೋಲೋಮೀಟರ್ ಎಂಬ ಶಾಖಕಿರಣ ಅಳೆಯುವ ಸಾಧನ ಹಿಡಿದು ಕಾರ್ನಿಯಾದ ಶಾಖವನ್ನು ಮುಟ್ಟದೆ ಅಳೆದಿದ್ದರು.

ಹಾಗಿದ್ದೂ ಇದು ಪ್ರತಿ ಕಣ್ಣಾಸ್ಪತ್ರೆಗೆ ಬಂದಿಲ್ಲ. ಬರದಿದ್ದುದು ನನಗೆ ಅಚ್ಚರಿಯಲ್ಲ. ಹುಡುಕುವ ವ್ಯತ್ಯಾಸ ಡಿಗ್ರಿಯ ಒಂದಂಶ. ಎಸಿಯ ಒಂದು ಬೀಸುಗಾಳಿ ಸಾಕು ಲೆಕ್ಕ ತಪ್ಪಲು. ಕಣ್ಣೀರು ಎಷ್ಟಿದೆಯೆಂದು ನೋಡಲು ಕೆಳರೆಪ್ಪೆಗೆ ಐದು ನಿಮಿಷ ಕಾಗದದ ಪಟ್ಟಿ ಸಿಕ್ಕಿಸುವ ಹಳೆಯ ಶಿರ್ಮರ್ ಪರೀಕ್ಷೆ ಅಗ್ಗ, ಎಲ್ಲಿ ಬೇಕಾದರೂ ಮಾಡಬಹುದು.

ಇಷ್ಟು ಸಣ್ಣ ಇಳಿತವನ್ನು ಕಾರ್ನಿಯಾದ ನರತುದಿಗಳು ಕ್ಯಾಮೆರಾದ ನೆರವಿಲ್ಲದೆಯೇ ಅರಿಯುತ್ತವೆ. ತಂಪು ತಗುಲಿದ್ದೇ ಮಿಟುಕಿಸು ಎಂಬ ಸಂಕೇತ ಹೊರಡುತ್ತದೆ. ಹತ್ತು ಸೆಕೆಂಡು ತಡೆದವರ ರೆಪ್ಪೆ ಕೊನೆಗೆ ಬಿದ್ದು ಎದ್ದಾಗ ಬೆಚ್ಚನೆಯ ಕಣ್ಣೀರು ಹರಡಿ, ತೆರೆಯ ಮೇಲಿನ ಶಾಖದ ಗೆರೆ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ.