ಜನ ಬಿಟ್ಟುಹೋದ ನೆಲ, ಹಿಂಬಾಲಿಸಿದ ಕಾಳ್ಗಿಚ್ಚು

ಆಸ್ಟ್ರೇಲಿಯಾದ ಉತ್ತರದಲ್ಲಿ, ಡಾರ್ವಿನ್ ನಗರದ ಪೂರ್ವಕ್ಕೆ ಅರ್ನ್‌ಹೆಮ್ ಲ್ಯಾಂಡ್ ಇದೆ. 1931ರಲ್ಲೇ ಇದನ್ನು ಮೂಲನಿವಾಸಿಗಳಿಗೆಂದು ಮೀಸಲಿಟ್ಟಿದ್ದರು. ಆದರೂ ಇಲ್ಲಿನ ಪಶ್ಚಿಮದ ಮರಳುಗಲ್ಲಿನ ಪ್ರಸ್ಥಭೂಮಿ ಕಳೆದ ಶತಮಾನದ ನಡುವಿನ ಹೊತ್ತಿಗೆ ಹೆಚ್ಚುಕಮ್ಮಿ ಬರಿದಾಗಿತ್ತು. ಪಡಿತರ, ತಂಬಾಕು, ಕೂಲಿ ಸಿಗುತ್ತಿದ್ದುದು ಕ್ರೈಸ್ತ ಮಿಷನ್‌ಗಳಲ್ಲಿ, ಸರ್ಕಾರಿ ವಸತಿಗಳಲ್ಲಿ. ಜನ ಅತ್ತ ಸರಿದರು.

ಅವರು ಹೋದ ಮೇಲೆ ಬೆಂಕಿಯ ಸ್ವಭಾವವೇ ಬದಲಾಯಿತು. ಹಿಂದೆ ಮಳೆ ನಿಂತು ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗಲೇ, ನಡೆದು ಹೋಗುತ್ತ ಅಲ್ಲಲ್ಲಿ ಕಿಚ್ಚು ಹಚ್ಚುತ್ತಿದ್ದರು. ಅದು ತಗ್ಗಾಗಿ ಉರಿದು ರಾತ್ರಿಯ ಇಬ್ಬನಿಗೆ ತಾನೇ ಆರುತ್ತಿತ್ತು. ಸುಟ್ಟ ಪಟ್ಟೆಗಳು ಮುಂದಿನ ಬೆಂಕಿಗೆ ತಡೆಯಾಗುತ್ತಿದ್ದವು. ಹಚ್ಚುವವರೇ ಇಲ್ಲವಾದಾಗ ಹುಲ್ಲು ಒಣಗಿ ರಾಶಿಬಿತ್ತು. ಅಲ್ಲಿ ಒಣಗಾಲದ ಕೊನೆಯಾದ ಆಗಸ್ಟ್ ಕಳೆದ ಮೇಲಿನ ಬಿಸಿಲು, ಗಾಳಿಗೆ ಒಂದು ಕಿಡಿ ಬಿದ್ದರೂ ಸಾಕು, ವಾರಗಟ್ಟಲೆ ಉರಿಯುತ್ತಿತ್ತು.

1970ರ ದಶಕದಲ್ಲಿ ಜನ ಪುಟ್ಟ ಪುಟ್ಟ ಗುಂಪುಗಳಾಗಿ ತಾಯ್ನೆಲಕ್ಕೆ ಮರಳತೊಡಗಿದರು. 1976ರ ಭೂಹಕ್ಕು ಕಾಯ್ದೆ ಒಡೆತನ ಕೊಟ್ಟಿತು, ಜೀವನೋಪಾಯ ಕೊಡಲಿಲ್ಲ. ಬಾಲ್ಯದಲ್ಲಿ ಈ ಕಲ್ಲುನಾಡನ್ನು ಕಾಲ್ನಡಿಗೆಯಲ್ಲೇ ಸುತ್ತಿದ್ದ ಚಿತ್ರಕಾರ, ಹಿರಿಯ ಬರ್ಡಾಯಲ್ ನಜಮೆರೆಕ್ ಅವರು ಈ ಶತಮಾನದ ಆರಂಭದಲ್ಲಿ ಪ್ರಸ್ಥಭೂಮಿಯ ಕಬುಲ್ವಾರ್ನಮ್ಯೋ ಎಂಬ ಪುಟ್ಟ ನೆಲೆಯಲ್ಲಿ ನಿಂತರು. ಹಳೆಯ ಬೆಂಕಿಯ ವಿದ್ಯೆ ವಿಜ್ಞಾನಿಗಳ ಉಪಗ್ರಹ ನಕ್ಷೆಗಳ ಜೊತೆ ಕೂಡಿದ್ದು ಅಲ್ಲಿಂದ.

ಹುಲ್ಲು ಸುಟ್ಟಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಮತ್ತೆ ಚಿಗುರುವ ಹುಲ್ಲಿಗೆ ಸೇರುತ್ತದೆ. ಭೂಮಿಯನ್ನು ಬಿಸಿಯಾಗಿಸುವ ಮೀಥೇನ್, ನೈಟ್ರಸ್ ಆಕ್ಸೈಡ್ ಹಾಗಲ್ಲ, ಗಾಳಿಯಲ್ಲೇ ಉಳಿಯುತ್ತವೆ. ಬೇಗ ಹಚ್ಚಿದ ತಣ್ಣನೆಯ ಬೆಂಕಿಯಲ್ಲಿ ಸುಡುವುದೇ ಕಡಿಮೆ, ಹಾಗಾಗಿ ಇವೂ ಕಡಿಮೆ. ಡಾರ್ವಿನ್‌ನಲ್ಲಿ ಅನಿಲ ಘಟಕ ಕಟ್ಟಿದ ಕೊನೊಕೊಫಿಲಿಪ್ಸ್ ಕಂಪನಿ ತನ್ನ ಹೊಗೆಗೆ ಪರಿಹಾರವಾಗಿ 2006ರಲ್ಲಿ ಒಪ್ಪಂದ ಮಾಡಿಕೊಂಡಿತು: ಸುಮಾರು 28,000 ಚದರ ಕಿ.ಮೀ. ನೆಲದಲ್ಲಿ ಬೆಂಕಿ ನಿರ್ವಹಣೆಗೆ ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್, 17 ವರ್ಷ. ವಾರ್ಷಿಕ ಗುರಿ, ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಇಂಥ ಅನಿಲಗಳ 1,00,000 ಟನ್ ಕಡಿತ. ಬೆಂಕಿ ಹಚ್ಚಿ ಕಾಯುವ ಸ್ಥಳೀಯ ರೇಂಜರ್‌ಗಳಿಗೆ ಸಂಬಳ ಬಂತು. ನನಗೆ ಇದು ನೆರವಲ್ಲ, ದುಡಿಮೆಯ ನ್ಯಾಯವಾದ ಬೆಲೆ.

ಸರ್ಕಾರ ಮಾತ್ರ ಇನ್ನೊಂದು ದಿಕ್ಕಿಗೆ ಎಳೆಯುತ್ತಿತ್ತು. ದೂರದ ಪುಟ್ಟ ನೆಲೆಗಳಲ್ಲಿ ಹೊಸ ಮನೆಗಳಿಗೆ ಹಣವಿಲ್ಲ ಎಂಬ ನೀತಿ 2007ರಲ್ಲಿ ಬಂತು. ಜನರ ಬದುಕಿನ ಆಯ್ಕೆಗಳಿಗೆ ತೆರಿಗೆದಾರರು ಕೊನೆಯಿಲ್ಲದೆ ಹಣ ಸುರಿಯಲಾಗದು ಎಂದು 2015ರಲ್ಲಿ ಪ್ರಧಾನಿ ಟೋನಿ ಅಬಾಟ್ ಹೇಳಿದ್ದು ಅನೇಕರನ್ನು ನೋಯಿಸಿತು. ಬೆಂಕಿ ಕಾಯುವವರು ನೆಲದ ಮೇಲೇ ಇರಬೇಕಲ್ಲವೇ? ಕೆಲಸವಿದ್ದರೂ ಮಕ್ಕಳ ಓದಿಗಾಗಿ ಕುಟುಂಬಗಳು ಮತ್ತೆ ಊರು ಬಿಡಬೇಕಾಗುತ್ತಿತ್ತು. ಅದೇ 2015ರಲ್ಲಿ ಕಬುಲ್ವಾರ್ನಮ್ಯೋದ ಜನ ತಾವೇ ಮುಂದಾಗಿ ಶಾಲೆ ತೆರೆದರು. ಅದಕ್ಕೆ ಮಾನ್ಯತೆ ಸಿಗಲು ಇನ್ನೂ ಕೆಲವು ವರ್ಷ ಹಿಡಿಯಿತು.