ಎಕ್ಕದ ಕೊಂಬೆಗೊಂದು ದಾರ

ಸಸ್ಯಶಾಸ್ತ್ರದ ತರಗತಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಕೆಲಸ ಇದು: ತಾನಾಗಿ ಬೆಳೆದ ಎಕ್ಕದ ಗಿಡ ಹುಡುಕಿ ಒಂದು ಕೊಂಬೆಗೆ ದಾರ ಕಟ್ಟಿ, ವರ್ಷವಿಡೀ ವಾರಕ್ಕೊಮ್ಮೆ ಹೋಗಿ ಅದರ ಹೂ, ಕಾಯಿ ಎಣಿಸಿ ಬರೆದಿಡಿ. 'ಎಕ್ಕವೇ?' ಎಂದು ಮೂಗು ಮುರಿಯುತ್ತಾರೆ. ಮುರಿಯಲಿ.

ಬೇಸಿಗೆಯಲ್ಲಿ ಶುರುಮಾಡಿದರೆ ಒಳ್ಳೆಯದು. ಸುತ್ತಲ ಹುಲ್ಲು ಒಣಗಿ ನಿಂತಾಗಲೂ ಎಕ್ಕ ಹಸಿರಾಗಿರುತ್ತದೆ. ಬೇರು ಆಳಕ್ಕಿಳಿದಿದೆ, ದಪ್ಪ ಎಲೆಗೆ ಮೇಣದ ಲೇಪವಿದೆ. ಎಲೆ ಕಿತ್ತರೆ ಹಾಲು ಸುರಿಯುತ್ತದೆ, ಅದು ವಿಷ. ಕೈ ತೊಳೆಯದೆ ಕಣ್ಣುಜ್ಜಿಕೊಂಡು ಮಂಜು ಕವಿದಂತೆ ಲೋಕ ನೋಡಿದವನು ನಾನು. ನೀವು ಹಾಗೆ ಮಾಡಬೇಡಿ.

ಮಳೆ ಬಿದ್ದು ಎಲೆ ಚಿಗುರಿದಾಗ ಎಲೆಯಡಿ ಬಗ್ಗಿ ನೋಡಿ. ಪ್ಲೇನ್ ಟೈಗರ್ ಚಿಟ್ಟೆ ಅಲ್ಲಿ ಒಂಟಿ ಮೊಟ್ಟೆ ಇಟ್ಟಿರಬಹುದು. ಅದರ ಪಟ್ಟೆಪಟ್ಟೆ ಮರಿಹುಳು ಹಾಲಿನ ನಾಳಗಳನ್ನು ಮೊದಲು ಕಡಿದು, ಹಾಲು ಸೋರಿಹೋದ ಮೇಲೆ ಆಚೆಯ ಭಾಗವನ್ನು ತಿನ್ನುತ್ತದೆ.

ನನಗೆ ಹೆಚ್ಚು ಇಷ್ಟ ಹೂವಿನ ತಂತ್ರ. ಇಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ, ಮೇಣದಂಥ ಚೀಲಗಳಲ್ಲಿ ಗಟ್ಟಿಯಾಗಿ ಕೂಡಿರುತ್ತದೆ. ಹೂವಿನ ನಡುವಿನ ಕಂಬದಲ್ಲಿ ಐದು ಸಣ್ಣ ಸೀಳುಗಳಿವೆ. ಸೂಜಿಮೊನೆಯನ್ನು ಒಂದರೊಳಗಿಟ್ಟು ಮೆಲ್ಲಗೆ ಮೇಲಕ್ಕೆಳೆಯಿರಿ: ಕಪ್ಪು ಚುಕ್ಕೆಯಂಥ ಕೊಂಡಿಯೊಂದು ಕಚ್ಚಿಕೊಂಡು ಬರುತ್ತದೆ, ಅದರ ಎರಡೂ ಬದಿಗೆ ಹಳದಿ ಚೀಲಗಳು ಜೋತಾಡುತ್ತವೆ. ಮಕರಂದಕ್ಕೆ ಬಂದ ಮರ ಕೊರೆಯುವ ಕರಿ ದುಂಬಿಗೂ ಹೀಗೇ ಅಂಟಿಕೊಳ್ಳುತ್ತದೆ. ಅದು ಇನ್ನೊಂದು ಹೂವಿಗೆ ಹೋದಾಗ ಒಂದು ಚೀಲವಾದರೂ ಅಲ್ಲಿನ ಸೀಳಿಗೆ ಸಿಕ್ಕಿಕೊಂಡರೆ ಮಾತ್ರ ಕಾಯಿ. ದುಂಬಿಯಷ್ಟು ಬಲವಿಲ್ಲದ ಕೀಟದ ಕಾಲು ಸಿಕ್ಕಿಬಿದ್ದು, ಅದು ಅಲ್ಲೇ ಸಾಯುವುದೂ ಉಂಟು.

ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕಕ್ಕೆ ಅರ್ಥ ಬರುವುದು ಈಗ. ಗೊಂಚಲು ಗೊಂಚಲು ಹೂ ಉದುರಿ, ಕಾಯಿ ಮಾತ್ರ ಬೆರಳೆಣಿಕೆ. ಗಿಡಕ್ಕೇನೋ ರೋಗ ಎಂದು ಮಕ್ಕಳು ಗಾಬರಿಯಾಗುತ್ತಾರೆ. ರೋಗವಲ್ಲ, ಪರಾಗವನ್ನು ಇಡಿಯಾಗಿ ಕಟ್ಟಿ ಕಳಿಸುವುದರ ಫಲ. ಚೀಲ ತಲುಪದ ಹೂವಿಗೆ ಏನೂ ಇಲ್ಲ. ತಲುಪಿದರೆ ಒಂದೇ ಚೀಲದ ಪರಾಗ ಕಾಯಿಯೊಳಗಿನ ನೂರಾರು ಬೀಜಗಳಿಗೆ ಸಾಕು.

ಬಲಿತ ಕಾಯಿ ಒಣಗಿ ಒಂದೇ ಬದಿಗೆ ಸೀಳುತ್ತದೆ. ಒಳಗೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಜೋಡಿಸಿದ ಚಪ್ಪಟೆ ಬೀಜ, ಪ್ರತಿಯೊಂದಕ್ಕೂ ರೇಷ್ಮೆಯಂಥ ಕುಚ್ಚು. ಅವು ಹಾರುವುದನ್ನು ನೋಡಬೇಕೆಂದರೆ ನಸುಕಿನಲ್ಲಿ ಹೋಗಬೇಡಿ, ಇಬ್ಬನಿಗೆ ಕುಚ್ಚು ತೊಯ್ದು ಮುದುಡಿರುತ್ತದೆ. ಬಿಸಿಲೇರಿ ಗಾಳಿ ಎದ್ದ ಮೇಲೆ ಹೋಗಿ.